ಪ್ಯಾರಿಸ್ ಮೆಟ್ರೊ ಟಿಕೆಟ್ ಮಿಷಿನ್ ಹತ್ರ ಹೆಲ್ಪ್ ಮಾಡಕ್ಕೆ ಬರೋರ ಬಗ್ಗೆ ಹುಷಾರು, ಮಗು ನೋಡ್ಕೊಳ್ಳೋ ಕೆಲಸಕ್ಕೆ ಹೋಗೋರು ಓದಿ

ಮೊನ್ನೆ ಶ್ರೀರಂಗಪಟ್ಟಣದ ಒಂದ್ ಹುಡುಗಿ ಫೋನ್ ಮಾಡಿ, ಅಕ್ಕ ನಾನೂ ಮಗು ನೋಡ್ಕೊಳ್ಳೋ ಕೆಲಸಕ್ಕೆ ಪ್ಯಾರಿಸ್‌ಗೆ ಹೋಗ್ತಿದೀನಿ, ಊರು ಹೆಂಗೆ ಅಂತ ಕೇಳಿದ್ಲು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹಾಕ್ತಿದೀನಿ, ನಮ್ ಮಂಡ್ಯ ಮೈಸೂರು ಕಡೆಯಿಂದ ಹೊರಡೋ ಬೇರೆಯವ್ರಿಗೂ ಆಗುತ್ತೆ. ಐಫೆಲ್ ಟವರ್ ಫೋಟೊ ಎಲ್ಲಾರೂ ಹಾಕ್ತಾರೆ, ಇಂಥದ್ದನ್ನ ಯಾರೂ ಬಾಯ್ಬಿಡಲ್ಲ. ಅಲ್ಲಿ ಸ್ಟೇಷನ್ನಲ್ಲಿ ಟಿಕೆಟ್ ಮಿಷಿನ್ ಮುಂದೆ ನಿಂತಾಗ ಯಾರಾದ್ರೂ ತಾವಾಗೇ ಬಂದು ಹೆಲ್ಪ್ ಮಾಡ್ತೀನಿ ಅಂದ್ರೆ, ಎಷ್ಟೇ ನಯವಾಗಿ ಮಾತಾಡ್ಲಿ, ಕುತ್ತಿಗೇಲಿ ಐಡಿ ಕಾರ್ಡ್ ನೇತಾಕ್ಕೊಂಡಿರ್ಲಿ, ಒಂದ್ ರೂಪಾಯೂ ಅವನ ಕೈಗೆ ಕೊಡ್ಬೇಡಿ.

ನಾನಿದ್ದಿದ್ದು ಮೈಸೂರಿನವ್ರ ಮನೇಲೇ, ಗಂಡ ಹೆಂಡ್ತಿ ಇಬ್ರಿಗೂ ಅಲ್ಲಿ ಕೆಲಸ, ಎರಡು ಮಕ್ಕಳು, ಚಿಕ್ಕದಕ್ಕೆ ಇನ್ನೂ ಹಲ್ಲು ಬರ್ತಿತ್ತು. ನಂಗೆ ಭಾನುವಾರ ರಜ. ರಜ ಅಂದ್ರೂ ಮನೇಲೇ ಕೂತ್ರೆ ಮಗು ಬಂದು ಕಾಲು ತಬ್ಕೊಳುತ್ತೆ, ಎತ್ಕೊಂಡ್ರೆ ಮುಗೀತು, ಸಾಯಂಕಾಲದ ತನಕ ಇಳಿಸಕ್ಕಾಗಲ್ಲ, ಅದಕ್ಕೆ ತಿಂಡಿ ಆದ ತಕ್ಷಣ ಹೊರಗೆ ಹೊರಟ್ಬಿಡ್ಬೇಕು. ಆ ಭಾನುವಾರ ನಮ್ ಸರ್ ಯಾರನ್ನೋ ಕರ್ಕೊಂಡ್ಬರಕ್ಕೆ ಗಾರ್ ದು ನೋರ್ ಅನ್ನೋ ದೊಡ್ಡ ರೈಲ್ವೆ ಸ್ಟೇಷನ್ನಿಗೆ ಹೊರಟಿದ್ರು, ನಾನೂ ಕಾರ್ ಹತ್ಕೊಂಡೆ.

ಆ ಸ್ಟೇಷನ್ನಿಂದ ನಡ್ಕೊಂಡು ಹೋಗೋ ದೂರದಲ್ಲಿ ಲಾ ಶಪೆಲ್ ಅಂತ ಏರಿಯಾ ಇದೆ, ಶ್ರೀಲಂಕಾ ತಮಿಳರು ಜಾಸ್ತಿ ಇರೋದು. ಅಂಗಡಿ ಮುಂದೆ ನುಗ್ಗೇಕಾಯಿ, ಕರಿಬೇವು, ಬಾಳೆಕಾಯಿ ಜೋಡಿಸಿರ್ತಾರೆ, ಕಣ್ಣು ತುಂಬುತ್ತೆ ಕಣ್ರೀ. ಮಾಣಿಕ್ಕ ವಿನಾಯಗರ್ ಅಂತ ಗಣೇಶನ ಗುಡೀನೂ ಇದೆ, ಅವ್ರ ತೇರಿಗೆ ಪ್ಯಾರಿಸ್ ರೋಡಲ್ಲೇ ತೆಂಗಿನಕಾಯಿ ಈಡುಗಾಯಿ ಹೊಡೀತಾರೆ. ಒಂದು ಮಸಾಲೆ ದೋಸೆ ತಿಂದೆ (ನಮ್ ಮೈಸೂರು ದೋಸೆ ಮುಂದೆ ಏನೇನೂ ಇಲ್ಲ ಬುಡಿ, ಆದ್ರೂ ಆ ಚಳೀಲಿ ಅಮೃತ), ಮಾಂಮಾರ್ತ್ರ್ ಗುಡ್ಡದ ಮೇಲೆ ಸಾಕ್ರೆ ಕರ್ ಅಂತ ಬಿಳೀ ಚರ್ಚ್ ಇದೆಯಲ್ಲ ಅದನ್ನ ನೋಡೋಣ ಅಂತ ಮೆಟ್ರೊಗೆ ವಾಪಸ್ ಗಾರ್ ದು ನೋರ್‌ಗೆ ಬಂದೆ.

ಕೈಲಿ ಇದ್ದಿದ್ದು ಬರೀ ನೋಟು. ಮೇಡಂ ಕೊಟ್ಟಿದ್ದೇ ನೋಟು, ಹೆಂಗೆ ಟಿಕೆಟ್ ತಗೋಬೇಕು ಅಂತ ಯಾರೂ ಹೇಳಿರ್ಲಿಲ್ಲ. ಅಲ್ಲಿ ಎಷ್ಟೋ ಮಿಷಿನ್ನು ನೋಟೇ ತಗೊಳ್ಳಲ್ಲ, ಚಿಲ್ಲರೆ ಇಲ್ಲಾಂದ್ರೆ ಕಾರ್ಡು, ಅಷ್ಟೇ. ನಾನು ನೋಟು ತೂರ್ಸೋ ಜಾಗ ಹುಡುಕ್ತಾ ನಿಂತಿದ್ದು ನೋಡಿ ಒಬ್ಬ ಬಂದ. ನೀಲಿ ಜಾಕೆಟ್ಟು, ಕುತ್ತಿಗೇಲಿ ಪಟ್ಟಿ, ಅದ್ರಲ್ಲೊಂದು ಕಾರ್ಡು. ಹಿಂದೀಲಿ ದೀದಿ ಅಂದ. ಪರದೇಶದಲ್ಲಿ ದೀದಿ ಅಂದ್ರೆ ಯಾರಿಗೆ ಮನಸ್ಸು ಕರಗಲ್ಲ ಹೇಳಿ. ಸ್ಕ್ರೀನ್ ಮೇಲೆ ಟಕಟಕ ಅಂತ ಒತ್ತಿ ವಾರದ ಪಾಸ್ ಅಂತ ತೋರಿಸ್ದ, 31.60 ಯೂರೋ ಅಂತ ಅಲ್ಲೇ ಬಂತು, ಇಡೀ ವಾರ ಎಲ್ಲಿ ಬೇಕಾದ್ರೂ ಓಡಾಡಿ ದೀದಿ, ಮಿಷಿನ್ ಕ್ಯಾಶ್ ತಗೊಳ್ಳಲ್ಲ, ನನ್ ಕಾರ್ಡಲ್ಲಿ ಕಟ್ತೀನಿ ನೀವು ನಂಗೆ ಕ್ಯಾಶ್ ಕೊಡಿ ಅಂದ. ಅವನ ಕಾರ್ಡ್ ಹಾಕ್ದ, ಏನೇನೋ ಒತ್ತಿದ, ಒಂದು ಕಾರ್ಡ್ ನನ್ ಕೈಗಿಟ್ಟ. 35 ಯೂರೋ ಕೊಟ್ಟೆ, ಚಿಲ್ಲರೆ ಇಲ್ಲ ಅಂದ, ಹೋಗ್ಲಿ ಬಿಡು ಅಂದೆ. ಗೇಟಿಗೆ ಮುಟ್ಟಿಸ್ದೆ, ಹಸಿರು ಲೈಟ್ ಬಂತು, ಬಾಗಿಲು ತೆಗೀತು. ಹಿಂದೆ ತಿರುಗಿ ಅವನಿಗೆ ಕೈ ಬೇರೆ ಮುಗಿದೆ.

ಆ ಚರ್ಚ್ ಹತ್ರದ ಆಂವೆರ್ ಸ್ಟೇಷನ್ನಲ್ಲಿ ಇಳಿದು ಹೊರಗೆ ಹೋಗೋ ದಾರೀಲಿ ತಿರುವಲ್ಲೇ ಚೆಕಿಂಗ್‌ನೋರು ನಿಂತಿದ್ರು. ನನ್ ಕಾರ್ಡ್ ಅವರ ಕೈಮಿಷಿನ್ನಿಗೆ ಇಟ್ಟ ತಕ್ಷಣ ಆಯಮ್ಮನ ಮುಖ ಬದಲಾಯ್ತು. ನನ್ನ ತಲೆಯಿಂದ ಕಾಲ್ ತನಕ ನೋಡಿ, ಕೈಯನ್ನ ತನ್ನ ಸೊಂಟದ ಎತ್ತರಕ್ಕೆ ಹಿಡಿದು ತೋರಿಸಿದ್ಲು, ಇಷ್ಟುದ್ದ ಮಕ್ಕಳ ಟಿಕೆಟ್ ಅಂತ. ಆ ಕಳ್ಳ 31.60 ತೋರಿಸಿ ಅದನ್ನ ಕ್ಯಾನ್ಸಲ್ ಹೊಡೆದು 4ರಿಂದ 10 ವರ್ಷದೊಳಗಿನ ಮಕ್ಕಳ ಅರ್ಧ ಟಿಕೆಟ್ ಒಂದನ್ನ ಹಾಕಿದ್ದ. ಆ ವರ್ಷ, ಅಂದ್ರೆ 2025ರಲ್ಲಿ, ದೊಡ್ಡೋರ ಟಿಕೆಟ್ಟೇ 2.50 ಯೂರೋ, ಮಕ್ಕಳದ್ದು ಅದರಲ್ಲಿ ಅರ್ಧ, ಖಾಲಿ ಕಾರ್ಡಿಗೆ ಇನ್ನೊಂದು 2 ಯೂರೋ. ಗೇಟಿಗೆ ದೊಡ್ಡೋರು ಚಿಕ್ಕೋರು ಅಂತ ಗೊತ್ತಾಗಲ್ವಲ್ಲ, ಅದಕ್ಕೇ ತೆಗೆದಿದ್ದು.

ನಾನು ಕನ್ನಡ ಹಿಂದಿ ಇಂಗ್ಲಿಷ್ ಎಲ್ಲಾ ಕಲಸಿ ಹೇಳಿದೆ, ಅವ್ರಿಗೆ ಅದೆಲ್ಲ ಬೇಕಿಲ್ಲ, ದಿನಾ ನೋಡ್ತಾರೆ. ಈಗ್ಲೇ ಕಟ್ಟಿದ್ರೆ ಇಷ್ಟು, ಆಮೇಲೆ ಕಟ್ತೀನಿ ಅಂದ್ರೆ ಅಡ್ರೆಸ್ ಬರ್ಕೊಂಡು ಅದರ ಮೇಲೆ ಇನ್ನೊಂದಷ್ಟು ಸೇರುತ್ತೆ ಅಂದ್ರು. ಮನೆಯವ್ರ ಅಡ್ರೆಸ್ಸಿಗೆ ದಂಡದ ಕಾಗದ ಬಂದ್ರೆ ಏನ್ ಚೆಂದ, ಪರ್ಸಲ್ಲಿ ಉಳಿದಿದ್ದ ನೋಟೆಲ್ಲಾ ಅಲ್ಲೇ ಎಣಿಸಿ ಕೊಟ್ಟು ರಸೀದಿ ಇಸ್ಕೊಂಡೆ. ಪಾಸ್‌ಪೋರ್ಟ್ ಕೇಳಿದ್ರು, ಅದು ಮನೇಲಿ ಮೇಡಂ ಬೀರೂಲಿ, ಫೋನಲ್ಲಿದ್ದ ಫೋಟೊ ತೋರಿಸಿದ್ದಕ್ಕೆ ಬಿಟ್ರು. ಪಾಸ್‌ಪೋರ್ಟ್ ಭದ್ರವಾಗಿರ್ಲಿ ಅಂತ ಇಸ್ಕೊಂಡು ಇಟ್ಕೊಳ್ಳೋ ಮನೆಯವ್ರು ತುಂಬಾ ಜನ ಇದ್ದಾರೆ, ಒಳ್ಳೇ ಮನಸ್ಸಿಂದಾನೇ ಇರ್ಬೋದು, ಆದ್ರೆ ಅದು ನಿಮ್ದು, ನಿಮ್ ಹತ್ರಾನೇ ಇರ್ಬೇಕು, ಕೇಳಿ ಇಸ್ಕೊಳಿ.

ರಾತ್ರಿ ಸರ್ ಹೇಳಿದ್ ಮೇಲೆ ಹೊಟ್ಟೆ ಇನ್ನೂ ಉರೀತು. ಅಲ್ಲಿ ವಾರದ ಪಾಸ್ ಅಂದ್ರೆ ಸೋಮವಾರದಿಂದ ಭಾನುವಾರಕ್ಕೆ ಲೆಕ್ಕ, ನೀವು ತಗೊಂಡ ದಿನದಿಂದ ಏಳು ದಿನ ಅಲ್ಲ. ಆ ವಾರದ್ದನ್ನ ಗುರುವಾರದ ತನಕ ಮಾತ್ರ ಕೊಡ್ತಾರೆ, ಶುಕ್ರವಾರದಿಂದ ಕೊಡೋದು ಮುಂದಿನ ವಾರದ್ದು. ಅಂದ್ರೆ ಅವನು ನಿಜವಾದ ಪಾಸೇ ಕೊಟ್ಟಿದ್ರೂ ಆ ಭಾನುವಾರ ಅದು ನಡೀತಿರ್ಲಿಲ್ಲ! ಅದೂ ಅಲ್ದೆ ವಾರದ ಪಾಸ್‌ಗೆ ನಿಮ್ ಫೋಟೊ ಅಂಟಿಸೋ ಬೇರೆ ಕಾರ್ಡ್ ಬೇಕು, ಅವನು ನನ್ ಕೈಗಿಟ್ಟಂಥ ಫೋಟೊ ಇಲ್ದಿರೋ ಕಾರ್ಡಿಗೆ, ನಾವಿಗೊ ಈಸಿ ಅಂತಾರೆ, ಅದು ಹತ್ತೋದೇ ಇಲ್ಲ. ಭಾನುವಾರ ಒಂದೇ ದಿನ ಸುತ್ತೋ ನಮ್ಮಂಥೋರಿಗೆ ಈಸಿ ಕಾರ್ಡಿಗೆ ಬಿಡಿ ಟಿಕೆಟ್ ತುಂಬ್ಸಿದ್ರೆ ಸಾಕು. ಇಬ್ರು ಹೋದ್ರೆ ಎರಡು ಕಾರ್ಡು, ಒಂದೇ ಕಾರ್ಡಲ್ಲಿ ಇಬ್ರು ಒಟ್ಟಿಗೆ ಹೋಗಂಗಿಲ್ಲ, ಅದಕ್ಕೂ ದಂಡ ಇದೆ.

ನಮ್ ದೇವರಾಜ ಮಾರ್ಕೆಟ್ ಹತ್ರ ಫಾರಿನ್‌ನೋರು ಕಂಡ್ರೆ ಇವತ್ತು ಮಾರ್ಕೆಟ್ ರಜ, ಬನ್ನಿ ಊದಿನಕಡ್ಡಿ ಮಾಡೋದು ತೋರಿಸ್ತೀನಿ ಅಂತ ಕರ್ಕೊಂಡು ಹೋಗೋರು ಇದ್ದಾರಲ್ಲ, ಇವ್ರೂ ಅದೇ ಜಾತಿ. ಅಲ್ಲಿ ಫಾರಿನ್‌ನೋರು ನಾವು, ಅಷ್ಟೇ.

ಹೋಗೋ ಮುಂಚೆ ಮನೆಯವ್ರ ಕೈಲೇ ಕಾರ್ಡ್ ತುಂಬ್ಸಿಸ್ಕೊಳಿ, ನಾಚ್ಕೋಬೇಡಿ. ಇಲ್ಲಾಂದ್ರೆ ಗಾಜಿನ ಒಳಗೆ ಕೂತಿರೋ ಸ್ಟಾಫ್ ಹತ್ರ ಹೋಗಿ. ಹೊರಗೆ ಓಡಾಡ್ಕೊಂಡು ಗಿರಾಕಿ ಹುಡುಕೋನು ಸ್ಟಾಫ್ ಅಲ್ಲ. ಆ ಬಿಳೀ ಚರ್ಚ್ ಮೆಟ್ಟಿಲ ಕೆಳಗೆ ಬೆರಳಿಗೆ ದಾರ ಸುತ್ತಿ ದುಡ್ಡು ಕೀಳೋರೂ ಇದ್ದಾರೆ, ಎರಡೂ ಕೈ ಜೇಬಲ್ಲಿಟ್ಕೊಂಡು ಸುಮ್ನೆ ಹತ್ತಿ. ಆಮೇಲೆ ಊರಿಗೆ ವಾಪಸ್ ಬರುವಾಗ ನೆನಪಿಟ್ಕೊಳಿ, ಏರ್‌ಪೋರ್ಟಿಗೆ ಈ ಸಾದಾ ಟಿಕೆಟ್ ನಡೆಯಲ್ಲ, ಅದಕ್ಕೆ ಬೇರೆ ಟಿಕೆಟ್, 2025ರಲ್ಲಿ 13 ಯೂರೋ ಇತ್ತು, ಏರ್‌ಪೋರ್ಟ್ ರೈಲು ಹೋಗೋದೂ ಇದೇ ಗಾರ್ ದು ನೋರ್ ಮೇಲೇನೇ.