ಟೋ ಸಾಕ್ಸ್ ಹಾಕಿ ನೋಡಿದೆ: ಎಲ್ಲಿ ಗೆದ್ದಿತು, ಎಲ್ಲಿ ಸೋತಿತು

ಪಾದದಲ್ಲಿ ಫಂಗಸ್‌ಗೆ ತುಂಬ ಇಷ್ಟವಾದ ಜಾಗ ಒಂದಿದೆ. ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವಿನ ಸಂದು. ಇವೆರಡು ಬೆರಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಗಾಳಿ ಹೋಗುವುದಿಲ್ಲ, ಬೆವರು ಆರುವುದಿಲ್ಲ. ಚರ್ಮ ನೆನೆದು ಬೆಳ್ಳಗಾಗುತ್ತದೆ, ಆಮೇಲೆ ಸುಲಿಯುತ್ತದೆ, ನವೆ ಶುರುವಾಗುತ್ತದೆ. ಬೆಳಗ್ಗೆ ಶೂ ಹಾಕಿ ರಾತ್ರಿ ಬಿಚ್ಚುವ ಯಾರಿಗಾದರೂ ಇದು ಬರಬಹುದು. ಪೊಲೀಸರಿಗೆ, ಸೆಕ್ಯುರಿಟಿಯವರಿಗೆ, ನನ್ನಂಥ ಆಫೀಸಿನವರಿಗೆ.

ಒಂದೊಂದು ಬೆರಳಿಗೂ ಬೇರೆ ಬೇರೆ ಚೀಲ ಇರುವ ಟೋ ಸಾಕ್ಸ್ ಮಾರುವವರು ಹೇಳುವುದು ಬಹಳ. ಬೆರಳು ನೆಟ್ಟಗಾಗುತ್ತವಂತೆ, ರಕ್ತ ಚೆನ್ನಾಗಿ ಹರಿಯುತ್ತದಂತೆ, ನಡಿಗೆಯೇ ಸುಧಾರಿಸುತ್ತದಂತೆ. ನನ್ನ ಲೆಕ್ಕದಲ್ಲಿ ಅದು ಮಾಡುವ ಕೆಲಸ ಒಂದೇ. ಬೆರಳ ಸಂದಿನಲ್ಲಿ ಚರ್ಮಕ್ಕೂ ಚರ್ಮಕ್ಕೂ ಮಧ್ಯೆ ಬಟ್ಟೆ ತರುತ್ತದೆ. ಆ ಒಂದು ಕೆಲಸವನ್ನು ಬೇರೆ ಸಾಕ್ಸ್ ಮಾಡುವುದಿಲ್ಲ ಅನ್ನುವುದೂ ನಿಜ.

ಹೋಲಿಸಿದ್ದು ಹೀಗೆ. ಒಂದು ಕಾಲಿಗೆ ಟೋ ಸಾಕ್ಸ್, ಇನ್ನೊಂದಕ್ಕೆ ಬೇರೆ ಬಗೆಯದು. ಮತ್ತೊಂದು ದಿನ ಅದಲು ಬದಲು. ಶೂ ಒಳಗೆ ಏನಿದೆ ಅಂತ ಯಾರು ನೋಡ್ತಾರೆ? (ಮನೇಲಿ ನೋಡ್ತಾರೆ. ಒಗೆದ ಬಟ್ಟೆ ಮಡಚುವಾಗ ನಮ್ಮ ಯಜಮಾನರು ಜೋಡಿ ಹುಡುಕಿ ಹುಡುಕಿ ಸುಸ್ತಾದರು.)

ಮೊದಲು ಆಫೀಸಿನ ದಿನ. ಎದುರಾಳಿ ಮಾಮೂಲಿ ಹತ್ತಿ ಸಾಕ್ಸ್. ಸಂಜೆ ಬಿಚ್ಚಿದ ಕೂಡಲೇ ಕಿರುಬೆರಳನ್ನು ಪಕ್ಕಕ್ಕೆ ಎಳೆದು ನೋಡುತ್ತಿದ್ದೆ. ಹತ್ತಿ ಸಾಕ್ಸಿನ ಕಾಲಲ್ಲಿ ಸಂದಿನ ಚರ್ಮ ಬಿಳಿಚಿಕೊಂಡು ಸುಕ್ಕಾಗಿರುತ್ತಿತ್ತು, ಮುಟ್ಟಿದರೆ ಜಿಗುಟು. ಟೋ ಸಾಕ್ಸಿನ ಕಾಲು ಬೆವರಿರಲಿಲ್ಲ ಅಂತಲ್ಲ. ಚೀಲ ಒದ್ದೆಯಾಗಿಯೇ ಇತ್ತು. ಆದರೆ ಒದ್ದೆಯೆಲ್ಲ ಬಟ್ಟೆಯಲ್ಲಿತ್ತು. ಚರ್ಮದ ಮೇಲೆ ಹೆಣಿಗೆಯ ಸಣ್ಣ ಗೆರೆಗಳು ಬಿಟ್ಟರೆ ಬೇರೇನೂ ಇಲ್ಲ. ವ್ಯತ್ಯಾಸ ಇಷ್ಟು ಎದ್ದು ಕಾಣುತ್ತದೆ ಅಂತ ನಾನು ಎಣಿಸಿರಲಿಲ್ಲ.

ಓಡುವವರ ತೆಳು ಪಾಲಿಯೆಸ್ಟರ್ ಸಾಕ್ಸ್ ಹತ್ತಿಗಿಂತ ವಾಸಿ. ಹತ್ತಿ ನೀರು ಹೀರಿಕೊಂಡು ಹಾಗೇ ಇಟ್ಟುಕೊಳ್ಳುತ್ತದೆ. ಇದು ಹೊರಗೆ ದಾಟಿಸುತ್ತದೆ. ಜಾಲರಿ ಇರುವ ಸ್ಪೋರ್ಟ್ಸ್ ಶೂ ಆದರೆ ಒಣಗಿಯೂ ಬಿಡುತ್ತದೆ. ಲೆದರ್ ಶೂ ಆದರೆ ದಾಟಿ ಹೋಗುವುದಾದರೂ ಎಲ್ಲಿಗೆ? ಬೆರಳುಗಳಂತೂ ಅಂಟಿಕೊಂಡೇ ಇದ್ದವು.

ಟೋ ಸಾಕ್ಸಿನಲ್ಲೂ ಎರಡು ಜಾತಿ. ಆನ್‌ಲೈನಿನಲ್ಲಿ ಒಂದೇ ಸೈಜಿನಲ್ಲಿ ಬರುವ ಅಗ್ಗದ ಹತ್ತಿಯದು ಒಂದು. ಸೈಜು ನೋಡಿ ಕೊಳ್ಳುವ, ಸಾವಿರದ ಮೇಲಿನ ನೈಲಾನ್ ಮಿಶ್ರಣದ್ದು ಇನ್ನೊಂದು. ಅಗ್ಗದ್ದರಲ್ಲಿ ಕಿರುಬೆರಳಿನ ಚೀಲ ಉದ್ದ. ಅದರ ತುದಿ ಶೂ ಒಳಗೆ ಮಡಚಿಕೊಂಡು ಮಧ್ಯಾಹ್ನದ ಹೊತ್ತಿಗೆ ಉಗುರಿನ ಪಕ್ಕ ಕೆಂಪಗೆ ಮಾಡಿತ್ತು. ಜೊತೆಗೆ ಒಂದೊಂದು ಬೆರಳ ತುದಿಗೂ ಒಂದೊಂದು ದಪ್ಪ ಹೊಲಿಗೆ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇರುವವರಿಗೆ ಇದು ಇನ್ನೂ ಕಷ್ಟ. ಒಂದು ಚೀಲ ಬಿಗಿ, ಇನ್ನೊಂದು ಜೋತಾಟ. ಟೋ ಸಾಕ್ಸ್ ಹಿಡಿಸಲಿಲ್ಲ ಅನ್ನುವವರಲ್ಲಿ ಸುಮಾರು ಜನ ಈ ಜಾತಿಯದ್ದನ್ನೇ ಹಾಕಿ ನೋಡಿರುತ್ತಾರೆ.

ಇನ್ನು ಓಟ. ಬೊಬ್ಬೆ ಏಳುವುದು ಬರೀ ಉಜ್ಜುವುದರಿಂದಲ್ಲ. ಒದ್ದೆ ಚರ್ಮ ಸಾಕ್ಸಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಒಳಗಿನ ಎಲುಬು ಹೆಜ್ಜೆ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತದೆ. ನಡುವೆ ಸಿಕ್ಕಿದ ಚರ್ಮದ ಪದರ ಬಿಟ್ಟುಕೊಂಡು ಅಲ್ಲಿ ನೀರು ತುಂಬುತ್ತದೆ. ಲಾಲ್‌ಬಾಗ್‌ನಲ್ಲಿ ಎರಡು ಸುತ್ತು ಹಾಕುವವರಿಗೆ ಇದರ ಗೊಡವೆಯೇ ಇಲ್ಲ, ಯಾವ ಸಾಕ್ಸ್ ಆದರೂ ನಡೆಯುತ್ತದೆ. ಶ್ರೀರಂಗಪಟ್ಟಣದ ಕಾಲುವೆ ದಂಡೆಯ ಮಣ್ಣು ದಾರಿಯಲ್ಲಿ ಉದ್ದಕ್ಕೆ ಓಡಿದಾಗ ಗೊತ್ತಾಗುತ್ತದೆ. ಸಾದಾ ಸಾಕ್ಸಿನ ಕಾಲಲ್ಲಿ ಒಂದು ಬೆರಳಿನ ಉಗುರು ಪಕ್ಕದ ಬೆರಳನ್ನು ಕೊರೆದು ಬೊಬ್ಬೆ ಎಬ್ಬಿಸಿತು. ಟೋ ಸಾಕ್ಸಿನ ಕಾಲಿನ ಬೆರಳುಗಳಿಗೆ ಏನೂ ಆಗಲಿಲ್ಲ.

ಆದರೆ ಹಿಮ್ಮಡಿಯಲ್ಲಿ ಎರಡೂ ಕಾಲಿಗೆ ಬೊಬ್ಬೆ! ಬೆರಳಿಗೆ ಚೀಲ ಹೊಲಿದರೆ ಹಿಮ್ಮಡಿಗೆ ಏನು ಸಿಕ್ಕೀತು, ಅಲ್ವಾ? ಹಿಮ್ಮಡಿ ಮತ್ತು ಅಂಗಾಲಿನ ಮಟ್ಟಿಗೆ ಎರಡು ಪದರದ ಸಾಕ್ಸೇ ಮೇಲು. ಅದರಲ್ಲಿ ಉಜ್ಜಾಟ ಬಟ್ಟೆಗೂ ಬಟ್ಟೆಗೂ ನಡುವೆ ಮುಗಿದುಹೋಗುತ್ತದೆ, ಚರ್ಮದ ತನಕ ಬರುವುದಿಲ್ಲ. ಉದ್ದದ ಓಟಕ್ಕೆ ಈಗ ನಾನು ಒಳಗೆ ತೆಳು ಟೋ ಸಾಕ್ಸ್, ಮೇಲೆ ಒಂದು ಸಾದಾ ಸಾಕ್ಸ್ ಹಾಕುತ್ತೇನೆ. ಶೂ ಸ್ವಲ್ಪ ದೊಡ್ಡದು ಬೇಕಾಗುತ್ತದೆ, ಅಷ್ಟೆ.

ಆ "ಅಷ್ಟೆ" ಸಣ್ಣ ಮಾತಲ್ಲ. ನಾಲ್ಕು ಸಂದಿಗೂ ಬಟ್ಟೆ ಬಂದರೆ ಪಾದದ ಮುಂಭಾಗ ಅಗಲವಾಗುತ್ತದೆ. ಶೂ ಮೊದಲೇ ಚೂಪು ಮೂತಿಯದ್ದಾಗಿದ್ದರೆ ಬೆರಳು ಬಿಡಿಸುವುದಿರಲಿ, ಇನ್ನಷ್ಟು ಹಿಂಡಿದಂತಾಗುತ್ತದೆ. ನನ್ನ ಬೆಲ್ಲಿ ಶೂನಲ್ಲಿ ಟೋ ಸಾಕ್ಸ್ ಹಾಕಿದ ದಿನ ಕಿರುಬೆರಳು ಜೋಮು ಹಿಡಿಯಿತು. ಬೆರಳ ಸಂದಿನಲ್ಲಿ ಮೆತ್ತನೆಯ ಆಣಿ ಏಳುವವರೂ ಇದನ್ನೇ ಗಮನಿಸಬೇಕು. ಎರಡು ಬೆರಳಿನ ಎಲುಬು ಒಂದಕ್ಕೊಂದು ಒತ್ತಿ ಆಣಿ ಏಳುತ್ತದೆ. ನಡುವೆ ಬಟ್ಟೆ ಬಂದರೆ ಸ್ವಲ್ಪ ಹಿತ, ಆದರೆ ಶೂ ಇಕ್ಕಟ್ಟಾದರೆ ಒತ್ತಡ ಜಾಸ್ತಿಯೇ. ಮೊದಲು ಶೂ, ಆಮೇಲೆ ಸಾಕ್ಸ್.

ಮಳೆಗಾಲದ ಮಲೆನಾಡಿನ ಚಾರಣದಲ್ಲಿ ಹೋಲಿಕೆಗೆ ಅರ್ಥವೇ ಇಲ್ಲ. ಕುದುರೆಮುಖದ ಹಾದಿಯಲ್ಲಿ ಮೊದಲ ಹಳ್ಳ ದಾಟಿದ ಮೇಲೆ ಎಲ್ಲ ಸಾಕ್ಸೂ ಒಂದೇ. ಹೆಣಿಗೆ ಬಟ್ಟೆಯಾದ್ದರಿಂದ ಇಂಬಳವೂ ಆರಾಮಾಗಿ ಒಳಗೆ ತೂರುತ್ತದೆ. ಅದಕ್ಕೆ ಬಿಗಿ ನೇಯ್ಗೆಯ ಲೀಚ್ ಸಾಕ್ಸ್ ಮೇಲಿಂದ ಹಾಕಿ ಮೊಣಕಾಲ ಕೆಳಗೆ ಕಟ್ಟಿಕೊಳ್ಳಬೇಕು. ಅಲ್ಲಿ ಟೋ ಸಾಕ್ಸಿನ ಲಾಭ ಏನಿದ್ದರೂ ರಾತ್ರಿಗೆ. ಕಾಲು ಒರೆಸಿ ಒಣಗಿದ ಒಂದು ಜೋಡಿ ಹಾಕಿಕೊಂಡು ಮಲಗಿದರೆ ನೆನೆದ ಬೆರಳುಗಳು ಬೆಳಗಿನೊಳಗೆ ಆರಿರುತ್ತವೆ.

ಹೆಂಗಸರಿಗೆ ಗೊತ್ತಿರುವ ಇನ್ನೊಂದು ಎದುರಾಳಿ ತಂಬ್ ಸಾಕ್ಸ್. ಚಳಿ ಬಂತೆಂದರೆ ಮಲ್ಲೇಶ್ವರದಲ್ಲಿ, ಗಾಂಧಿ ಬಜಾರಿನಲ್ಲಿ ಫುಟ್‌ಪಾತ್ ಮೇಲೆ ರಾಶಿ ಬೀಳುತ್ತವೆ. ಹೆಬ್ಬೆರಳು ಬೇರೆ, ಉಳಿದ ನಾಲ್ಕೂ ಒಟ್ಟಿಗೆ. ಉಂಗುಷ್ಟದ ಚಪ್ಪಲಿಗೆ ಸರಿಯಾಗಿ ಕೂರುತ್ತದೆ, ಹಿಮ್ಮಡಿ ಒಡಕಿಗೆ ಧೂಳು ಸೇರುವುದು ತಪ್ಪುತ್ತದೆ. ಬೆಲೆಯೂ ಕಡಿಮೆ. ಆದರೆ ಅದು ಬಿಡಿಸುವುದು ಹೆಬ್ಬೆರಳ ಸಂದನ್ನು. ತೊಂದರೆ ಇರುವುದು ಕಿರುಬೆರಳ ಕಡೆ. ಹಾಗಾಗಿ ಫಂಗಸ್ ವಿಷಯದಲ್ಲಿ ತಂಬ್ ಸಾಕ್ಸೂ ಸಾದಾ ಸಾಕ್ಸೂ ಒಂದೇ.

ಕಾಲುಂಗುರದ ವಿಷಯ ಜಾಹೀರಾತು ಬರೆಯುವವರಿಗೆ ಹೊಳೆದೇ ಇಲ್ಲ ಅನಿಸುತ್ತದೆ. ಟೋ ಸಾಕ್ಸಿನ ಎರಡನೇ ಚೀಲ ಹೊಗುವಾಗ ಉಂಗುರದ ಸುರುಳಿಯ ತುದಿ ದಾರಕ್ಕೆ ಸಿಕ್ಕುತ್ತದೆ. ಎಳೆದರೆ ಹೆಣಿಗೆ ಹರಿಯುತ್ತದೆ. ಹಾಕಿಕೊಂಡ ಮೇಲೆ ಉಂಗುರವನ್ನು ಬಟ್ಟೆ ಬೆರಳಿಗೆ ಒತ್ತಿ ಹಿಡಿಯುವುದರಿಂದ ಅದರ ಅಡಿಯ ಬೆವರು ಅಲ್ಲೇ ನಿಲ್ಲುತ್ತದೆ. ನಾನು ಮೀನಿನ ಉಂಗುರ ತೆಗೆದು ನುಣುಪಾದ ತೆಳು ಬಳೆಯಂಥದ್ದಕ್ಕೆ ಬದಲಾಯಿಸಿದೆ. ಅಮ್ಮ ಒಂದು ಮಾತು ಅಂದರು, ಕೇಳಿಸಿಕೊಂಡೆ.

ಬೆರಳು ನೆಟ್ಟಗಾಗುವ ಮಾತಿಗೆ ಬರೋಣ. ಹೆಬ್ಬೆರಳ ಬುಡದ ಎಲುಬು ಹೊರಕ್ಕೆ ಚಾಚಿಕೊಂಡವರಿಗೂ ಇದನ್ನು ಮಾರುತ್ತಾರೆ. ಒಂದು ತೆಳು ಬಟ್ಟೆ ಎಲುಬನ್ನು ಸರಿಸುತ್ತದೆಯೇ? ಬೆರಳಿರುವ ಶೂ ಮಾಡಿ ಹೆಸರಾದ ವೈಬ್ರಮ್ ಕಂಪನಿಯ ಕಥೆ ನೆನಪಿಡುವಂಥದ್ದು. ಪಾದದ ಸ್ನಾಯು ಬಲವಾಗುತ್ತದೆ, ಗಾಯ ಕಡಿಮೆಯಾಗುತ್ತದೆ ಅನ್ನುವ ಜಾಹೀರಾತಿಗೆ ಆಧಾರವಿಲ್ಲ ಎಂದು ಅಮೆರಿಕದಲ್ಲಿ 2012ರಲ್ಲಿ ದಾವೆ ಹೂಡಿದರು. ಕಂಪನಿ ತಪ್ಪು ಒಪ್ಪಲಿಲ್ಲ, ಆದರೆ 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿಯಾಯಿತು. ಅದು ಶೂ. ಸಾಕ್ಸ್ ಅದಕ್ಕಿಂತ ಎಷ್ಟು ತೆಳು, ನೀವೇ ನೋಡಿ.

ಒಗೆಯುವ ವಿಷಯದಲ್ಲಿ ಮಾತ್ರ ಅಗ್ಗದ್ದು ಗೆಲ್ಲುತ್ತದೆ. ಫಂಗಸ್ ಇರುವವರ ಸಾಕ್ಸನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ತಣ್ಣೀರಿನಲ್ಲಿ ಅದು ಪೂರ್ತಿ ಸಾಯುವುದಿಲ್ಲ. ನೈಲಾನ್, ಎಲಾಸ್ಟಿಕ್ ಇರುವ ದುಬಾರಿ ಜೋಡಿ ಅಷ್ಟು ಬಿಸಿಗೆ ಹಾಳಾಗುತ್ತದೆ. ಹತ್ತಿಯದು ತಡೆದುಕೊಳ್ಳುತ್ತದೆ. ಆದರೆ ಜುಲೈನಲ್ಲಿ ಹತ್ತಿ ಟೋ ಸಾಕ್ಸ್ ಒಣಗಿಸಿ ನೋಡಿ, ಮೇಲೆಲ್ಲ ಒಣಗಿದ್ದರೂ ಬೆರಳ ಚೀಲ ತಣ್ಣಗೇ ಇರುತ್ತದೆ. ಒಳಮೈ ಹೊರಗೆ ಮಾಡಿ, ಚೀಲ ಒಂದೊಂದನ್ನೂ ಎಳೆದು ಬಿಡಿಸಿ ಹಾಕಬೇಕು.

ಆಗಲೇ ನವೆ, ಸುಲಿತ ಇದ್ದರೆ ಸಾಕ್ಸ್ ಔಷಧಿಯಲ್ಲ. ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಮುಲಾಮಿನಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ನವೆ ಬೇಗ ನಿಲ್ಲುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹಬ್ಬುತ್ತದೆ.

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ನನ್ನ ಜೋಡಿ ನೋಡಿ ನನಗೂ ಒಂದು ತರಿಸು ಅಂದರು. ತರಿಸಲಿಲ್ಲ. ಬಗ್ಗಿ ಐದು ಬೆರಳು ತೂರಿಸುವುದು ಅವರಿಗೆ ಆಗದ ಕೆಲಸ. ಅದಕ್ಕಿಂತ ಮುಖ್ಯವಾಗಿ, ಅವರ ಪಾದಕ್ಕೆ ಸ್ಪರ್ಶ ಅಷ್ಟಾಗಿ ತಿಳಿಯುವುದಿಲ್ಲ. ಯಾವುದೋ ಚೀಲ ಬಿಗಿಯಾಗಿ ಬೆರಳು ಗಾಯವಾದರೂ ಗೊತ್ತಾಗದು. ಅವರಿಗೆ ತಂದದ್ದು ಹೊಲಿಗೆ ಒತ್ತದ, ಮೇಲೆ ಬಿಗಿ ಎಲಾಸ್ಟಿಕ್ ಇಲ್ಲದ ಬಿಳಿ ಸಾಕ್ಸ್. ಬಿಳಿ ಯಾಕೆಂದರೆ ರಕ್ತವೋ ಕೀವೋ ಒಂದು ಚುಕ್ಕೆ ಬಿದ್ದರೂ ಕಾಣುತ್ತದೆ. ರಾತ್ರಿ ಕಾಲು ತೊಳೆದ ಮೇಲೆ ಹಳೇ ಹತ್ತಿ ಪಂಚೆಯ ತುಂಡಿನಿಂದ ಸಂದುಗಳನ್ನು ನಾನೋ ಯಜಮಾನರೋ ಒತ್ತಿ ಒರೆಸುತ್ತೇವೆ. ಕ್ರೀಮು ಹಿಮ್ಮಡಿಗೆ ಮಾತ್ರ, ಬೆರಳ ಸಂದಿಗೆ ಬೇಡ ಅಂತ ಡಾಕ್ಟರೇ ಹೇಳಿದ್ದಾರೆ.