ಹ್ಯಾವ್‌ಲಾಕಾ, ನೀಲಾ? ನನ್ನ ಓಟು ನೀಲ್ ದ್ವೀಪಕ್ಕೆ

ಫೆಬ್ರವರಿಯಲ್ಲಿ ನಾನು, ನಮ್ಮನೆಯವರು, ಹನ್ನೊಂದು ವರ್ಷದ ಮಗಳು ಅಂಡಮಾನ್‌ಗೆ ಹೋಗಿದ್ದೆವು. ಹ್ಯಾವ್‌ಲಾಕ್‌ನಲ್ಲಿ ಎರಡು ರಾತ್ರಿ, ನೀಲ್‌ನಲ್ಲಿ ಮೂರು ರಾತ್ರಿ. ಐದೂ ರಾತ್ರಿ ನೀಲ್‌ನಲ್ಲೇ ಇದ್ದುಬಿಡಬೇಕಿತ್ತು ಅಂತ ಮೂವರಿಗೂ ಅನ್ನಿಸಿದೆ.

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಜನರ ಬಾಯಲ್ಲಿ ಇನ್ನೂ ಹಳೇ ಹೆಸರೇ ಇದೆ. ಟಿಕೆಟ್ ಮಾಡಿಸುವಾಗ ಎರಡೂ ಗೊತ್ತಿದ್ದರೆ ಗಾಬರಿ ಇಲ್ಲ.

ಹ್ಯಾವ್‌ಲಾಕ್‌ನಲ್ಲಿ ನಾನು ಎಡವಿದ್ದು ರೂಮಿನಲ್ಲಿ. ಗೋವಿಂದನಗರದ ಕಡೆ, ಬಾಗಿಲು ತೆಗೆದರೆ ಕಡಲು ಅನ್ನುವಂಥ ರೂಮು. ರಾತ್ರಿಗೆ 4,200 ರೂಪಾಯಿ. ಮಧ್ಯಾಹ್ನ ತಲುಪಿ, ಊಟ ಮಾಡಿ, ಸ್ವಲ್ಪ ಮಲಗಿ ಎದ್ದೆವು. ನಾಲ್ಕೂವರೆಗೆ ಟವೆಲ್ ಹಿಡಿದು ಹೊರಗೆ ಬಂದರೆ ಕಡಲೇ ಇಲ್ಲ! ಇಳಿತ ಆಗಿತ್ತು. ನೀರು ದೂರಕ್ಕೆ ಸರಿದು, ಕಣ್ಣು ಹಾಯಿಸಿದಷ್ಟೂ ಚೂಪು ಕಲ್ಲು, ಸತ್ತ ಹವಳ, ಮಧ್ಯೆ ಮಧ್ಯೆ ಪಾದ ಮುಳುಗುವಷ್ಟು ನೀರು. ಮಗಳು ನಾಲ್ಕು ಹೆಜ್ಜೆ ಇಟ್ಟು ಅಂಗಾಲು ಕೊಯ್ದುಕೊಂಡಳು. ಅಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮೊದಲ ದಿನ ಹಾಗೇ ಹೋಯಿತು.

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮರುದಿನ ಅದೇ ಇಳಿತ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇದ್ದರೆ ನೀರು ಇನ್ನೂ ಜಾಸ್ತಿ ಹಿಂದೆ ಹೋಗುತ್ತದೆ. ನಾವು ಹೋದಾಗ ಹುಣ್ಣಿಮೆ ಆಗಿ ಎರಡು ದಿನ ಆಗಿತ್ತು. ಇಷ್ಟು ಗೊತ್ತಿದ್ದಿದ್ದರೆ ಕಡಲ ಎದುರಿನ ರೂಮಿಗೆ ಅಷ್ಟು ದುಡ್ಡು ಸುರಿಯುತ್ತಿರಲಿಲ್ಲ.

ಇಳಿತದಲ್ಲೂ ನೆಮ್ಮದಿಯಾಗಿ ನೀರಿಗಿಳಿಯಬೇಕು ಅಂದರೆ ಹ್ಯಾವ್‌ಲಾಕ್‌ನಲ್ಲಿ ರಾಧಾನಗರ ಕಿನಾರೆಗೇ ಹೋಗಬೇಕು. ಅದು ದ್ವೀಪದ ಇನ್ನೊಂದು ಮಗ್ಗುಲಲ್ಲಿ, ಜೆಟ್ಟಿಯಿಂದ ಹನ್ನೆರಡು ಕಿಲೋಮೀಟರ್. ಮೂವರು ಒಂದು ಸ್ಕೂಟರಿನಲ್ಲಿ ಹೋಗುವ ಹಾಗಿಲ್ಲ, ನನಗೆ ಓಡಿಸಲು ಬರುವುದಿಲ್ಲ. ಎರಡು ಸಲ ಹೋಗಿಬರಲು ಆಟೋಗೆ 2,400 ಆಯಿತು.

ರಾಧಾನಗರ ಮಾತ್ರ ನಿಜಕ್ಕೂ ಚೆಂದ. ಕಾಲಿಗೆ ಹಿಟ್ಟಿನ ಹಾಗೆ ತಾಗುವ ಮರಳು, ಬೆನ್ನಿಗೆ ದೊಡ್ಡ ಮರಗಳ ಕಾಡು. ಅಂಥ ಕಿನಾರೆ ನೀಲ್‌ನಲ್ಲಿ ಇಲ್ಲ. ಸ್ಕೂಬಾ ಡೈವಿಂಗ್ ಆಸೆ ಇರುವವರಿಗೂ ಹ್ಯಾವ್‌ಲಾಕೇ ಸರಿ.

ಈಗ ನೀಲ್. ಇಳಿತದ ಕಾಟ ಅಲ್ಲೂ ಇದೆ. ಮೊದಲ ಬೆಳಗ್ಗೆ ಏಳಕ್ಕೆ ಭರತ್‌ಪುರ ಕಿನಾರೆಗೆ ಹೋದರೆ ಅದೇ ಕಥೆ, ನೀರಿಲ್ಲ. ಆದರೆ ದ್ವೀಪದ ಉದ್ದವೇ ಐದು ಕಿಲೋಮೀಟರ್ ಸುಮಾರು. ಭರತ್‌ಪುರ, ಲಕ್ಷ್ಮಣ್‌ಪುರ, ಸೀತಾಪುರ, ಎಲ್ಲ ರಾಮಾಯಣದ ಹೆಸರುಗಳೇ, ಎಲ್ಲಕ್ಕೂ ಸೈಕಲ್ಲಿನಲ್ಲಿ ಹೋಗಬಹುದು. ಒಂದು ಸೈಕಲ್ಲಿಗೆ ದಿನಕ್ಕೆ 150 ಕೊಟ್ಟೆವು. ನೀರು ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ ತುಳಿದುಕೊಂಡು ಹೋದರೆ ಆಯಿತು. ಖರ್ಚೂ ಇಲ್ಲ, ಯಾರಿಗೂ ಕಾಯುವುದೂ ಬೇಡ.

ಮರುದಿನ ಬೆಳಗ್ಗೆ ಇಳಿತದ ಹೊತ್ತು ನೋಡಿಕೊಂಡೇ ಲಕ್ಷ್ಮಣ್‌ಪುರದ ಕಲ್ಲಿನ ಕಮಾನಿಗೆ ಹೋದೆವು. ನೀರು ಇಳಿದಾಗ ಮಾತ್ರ ಅಲ್ಲಿಗೆ ನಡೆದು ಹೋಗಲು ಸಾಧ್ಯ. ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತಿತ್ತು. ಒಂದರಲ್ಲಿ ಬೆರಳುದ್ದದ ನೀಲಿ ಮೀನುಗಳು, ಇನ್ನೊಂದರಲ್ಲಿ ಕಪ್ಪು ಸೌತೆಕಾಯಿಯ ಹಾಗೆ ಅಲ್ಲಾಡದೆ ಬಿದ್ದಿದ್ದ ಒಂದು ಪ್ರಾಣಿ. ಅದಕ್ಕೆ ಕಡಲಸೌತೆ ಅಂತಲೇ ಹೆಸರು. ಮಗಳು ಮಂಡಿಯೂರಿ ಕೂತವಳು ಅರ್ಧ ಗಂಟೆ ಎದ್ದೇ ಇಲ್ಲ. ಅಲ್ಲಿಗೆ ಗಟ್ಟಿ ಚಪ್ಪಲಿ ಹಾಕಿಕೊಂಡು ಹೋಗಿ. ಹವಳದ ಮೇಲೆ ದಯವಿಟ್ಟು ಕಾಲಿಡಬೇಡಿ, ಒಂದು ಚೂರನ್ನೂ ಎತ್ತಿಕೊಂಡು ಬರಬೇಡಿ. ಮಧ್ಯಾಹ್ನ ಎರಡಕ್ಕೆ ಭರತ್‌ಪುರದಲ್ಲಿ ಎದೆಮಟ್ಟದ ತಿಳಿನೀರು. ನಿನ್ನೆ ಕಲ್ಲು ಕಂಡ ಜಾಗ ಇದೇನಾ ಅನ್ನಿಸಿತು.

ಊಟ ಎರಡೂ ಕಡೆ ಚೆನ್ನಾಗಿದೆ, ನೀಲ್‌ನಲ್ಲಿ ಅಗ್ಗ. ಬಂಗಾಳದಿಂದ ಬಂದು ನೆಲೆಸಿದವರೇ ಹೆಚ್ಚು. ಅಂಡಮಾನಿನ ತರಕಾರಿ ತೋಟ ಅಂತಲೇ ಈ ದ್ವೀಪಕ್ಕೆ ಹೆಸರು. ಬದನೆ, ಸೋರೆ ತೋಟಗಳ ನಡುವೆಯೇ ಸೈಕಲ್ ಹೋಗುತ್ತದೆ. ಮಾರ್ಕೆಟ್ ಹತ್ತಿರದ ಪುಟ್ಟ ಹೋಟೆಲಿನಲ್ಲಿ ಅನ್ನ, ಬೇಳೆ, ಮೀನಿನ ಸಾರು ತಿಂದು ಮೂವರಿಗೂ ಹೊಟ್ಟೆ ತುಂಬುತ್ತಿತ್ತು.

ಹಡಗಿನ ಖರ್ಚು ಬಿಟ್ಟರೆ ಮೂವರಿಗೆ ಹ್ಯಾವ್‌ಲಾಕ್‌ನ ಎರಡು ರಾತ್ರಿಗೆ ಹತ್ತಿರ ಹತ್ತಿರ 15,000 ಆಯಿತು. ನೀಲ್‌ನ ಮೂರು ರಾತ್ರಿ 8,400ಕ್ಕೆ ಮುಗಿಯಿತು. ರೂಮು 1,600ರದ್ದು, ಕಡಲು ಕಾಣುವುದಿಲ್ಲ, ಫ್ಯಾನ್ ಮಾತ್ರ. ಬೆಳಗ್ಗೆ ಐದಕ್ಕೆ ಎದ್ದು ಸೀತಾಪುರದಲ್ಲಿ ಸೂರ್ಯೋದಯ ನೋಡುವ ನಮಗೆ ರೂಮಿನಲ್ಲಿ ಕೆಲಸವೇ ಇರಲಿಲ್ಲ. ಏಸಿ ಬೇಕೇ ಬೇಕು ಅನ್ನುವವರ ಲೆಕ್ಕ ಬೇರೆ.

ಹಡಗಿನಲ್ಲೂ ಸರ್ಕಾರಿಯದ್ದೇ ನನಗೆ ಇಷ್ಟ. ಖಾಸಗಿ ದೋಣಿಗಿಂತ ನಿಧಾನ, ಆದರೆ ಎಷ್ಟೋ ಕಡಿಮೆ ದರ. ಡೆಕ್ ಮೇಲೆ ಗಾಳಿಗೆ ನಿಲ್ಲಬಹುದು. ಹಾರುವ ಮೀನು ನೋಡಿದ್ದು ಅಲ್ಲೇ. ಕಡಲು ಕೆಟ್ಟರೆ ಹಡಗು ರದ್ದಾಗುತ್ತದೆ, ಹಾಗಾಗಿ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ಗೆ ವಾಪಸ್ ಬಂದಿರಿ.

ಮುಂದಿನ ಸಲ ನೀಲ್‌ಗೆ ನಾಲ್ಕು ರಾತ್ರಿ, ರಾಧಾನಗರದ ಸಲುವಾಗಿ ಹ್ಯಾವ್‌ಲಾಕ್‌ಗೆ ಒಂದು. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಯಾವತ್ತು ಅಂತ ನೋಡಿ, ಅದಾಗಿ ನಾಲ್ಕು ದಿನಕ್ಕೆ ನೀಲ್‌ನಲ್ಲಿರುವ ಹಾಗೆ ಟಿಕೆಟ್ ಮಾಡಿಸುತ್ತೇನೆ. ಆಗ ಈ ಸಲದ ಹಾಗೆಯೇ ಬೆಳಗ್ಗೆ ಇಳಿತ, ಮಧ್ಯಾಹ್ನ ತುಂಬಿದ ನೀರು ಸಿಗುತ್ತದೆ.