ಕರಕುಶಲ ಮೇಳಕ್ಕೆ ಹೊರಟಿದ್ದೀರಾ? ಕೊಳ್ಳುವ ಮುಂಚೆ ತಿರುಗಿಸಿ ನೋಡಿ

ಬೇಸಿಗೆ ಬಂತು ಅಂದರೆ ಕರಕುಶಲ ಮೇಳಗಳೂ ಶುರು. ಮೈದಾನದ ತುಂಬ ಮಳಿಗೆಗಳ ಸಾಲು, ಬಾಗಿಲಲ್ಲೇ "ಎಲ್ಲವೂ ಕೈಯಲ್ಲೇ ಮಾಡಿದ್ದು" ಅನ್ನೋ ದೊಡ್ಡ ಬ್ಯಾನರ್. ಈ ಸಲ ನಾನು, ನನ್ನ ಚಿಕ್ಕಮ್ಮ ಇಬ್ಬರೂ ಅಂಥದ್ದೊಂದು ಮೇಳದಲ್ಲಿ ಇಡೀ ದಿನ ಕಳೆದೆವು. ತಂದ ಸಾಮಾನಿನಲ್ಲಿ ಜಾಸ್ತಿ ಪಾಲು ಕೈಕೆಲಸವೇ ಅಲ್ಲ ಅಂತ ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಒಂದು ಬಣ್ಣ ಬಿಟ್ಟಿತು, ಒಂದು ಸೀಳಿತು, ಒಂದರಿಂದ ನನ್ನ ಕಿವಿ ಹುಣ್ಣಾಯಿತು. ದುಡ್ಡು ಹೋಗಿದ್ದು ಬೇರೆ ಮಾತು. ಹೇಗೆಲ್ಲ ಸುಳ್ಳು ಹೇಳಿ ಮಾರುತ್ತಾರೆ ಅನ್ನೋದನ್ನು ಬರೆದಿಡುತ್ತೇನೆ, ನೀವು ಹೋಗುವ ಮುಂಚೆ ಒಮ್ಮೆ ಓದಿಕೊಳ್ಳಿ.

ಮೊದಲು ಹಾಸಿನ ಕಥೆ, ಮರದ ಅಚ್ಚಿನಿಂದ ಕೈಯಲ್ಲೇ ಬಣ್ಣ ಒತ್ತಿದ್ದು ಅಂತ ಹೇಳಿ ಮಾರಿದ್ದು. ಬಾಗಿಲ ಹತ್ತಿರದ ದೊಡ್ಡ ಮಳಿಗೆ. ಮೇಜಿನ ಮೇಲೆ ನಾಲ್ಕೈದು ಮರದ ಅಚ್ಚುಗಳನ್ನು ಜೋಡಿಸಿಟ್ಟಿದ್ದರು, ಪಕ್ಕದಲ್ಲಿ ಬಣ್ಣದ ತಟ್ಟೆ. ನೋಡಿದರೆ ಈಗಷ್ಟೇ ಯಾರೋ ಅಚ್ಚು ಒತ್ತಿ ಎದ್ದು ಹೋದ ಹಾಗಿತ್ತು. "ನಮ್ಮ ಮನೆಯವರೇ ಕೂತು ಒತ್ತಿದ್ದು ಅಕ್ಕಾ" ಅಂದ ಹುಡುಗ. ಯಾವ ಬಣ್ಣ ಮೊದಲು ಒತ್ತುತ್ತೀರಿ ಅಂತ ಕೇಳಿದೆ. "ಎಲ್ಲಾ ಒಟ್ಟಿಗೇ" ಅಂದ. ಅಚ್ಚಿನ ಕೆಲಸ ಹಾಗೆ ನಡೆಯೋದಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಬೇಕು. ಸಾಮಾನ್ಯವಾಗಿ ಹೊರಗೆರೆ ಮೊದಲು, ಒಳಗಿನ ಬಣ್ಣ ಆಮೇಲೆ. ಇದನ್ನು ಹೇಳಿದ್ದಕ್ಕೆ ಅವನು ನಕ್ಕು, "ನಾನು ಮಾರೋಕೆ ಬಂದವನು ಅಕ್ಕಾ, ಮಾಡೋರು ಊರಲ್ಲಿದ್ದಾರೆ" ಅಂದ. ಒಂದೇ ನಿಮಿಷದ ಹಿಂದೆ ಮನೆಯವರೇ ಅಂದಿದ್ದನಲ್ಲ, ಆ ಮನೆಯವರು ಎಲ್ಲಿ ಹೋದರೋ.

ಹಾಸನ್ನು ಮೊದಲ ಸಲ ನೆನೆಸಿದಾಗಲೇ ಹೂವಿನ ಕೆಂಪು ಬಣ್ಣ ಸುತ್ತಲಿನ ಬಿಳಿ ಬಟ್ಟೆಗೆಲ್ಲ ಹರಿಯಿತು. ಹೊಸ ಬಟ್ಟೆ ಸ್ವಲ್ಪ ಬಣ್ಣ ಬಿಡುವುದು ಸಹಜ, ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ನೀಲಿ ಇಂಡಿಗೊ ಅಂತೂ ಎಷ್ಟು ಚೆನ್ನಾಗಿ ಅದ್ದಿದ್ದರೂ ಕೈಗೆ ಒಂಚೂರು ಹತ್ತಿಯೇ ಹತ್ತುತ್ತದೆ. ಆದರೆ ಚಿತ್ತಾರದ ಬಣ್ಣ ಹೀಗೆ ಬಿಳಿ ಜಾಗಕ್ಕೆ ಹರಿದು ಕೂತರೆ, ಬಣ್ಣವನ್ನು ಬಟ್ಟೆಯಲ್ಲಿ ಸರಿಯಾಗಿ ಕೂರಿಸಿಲ್ಲ, ಮಿಕ್ಕ ಬಣ್ಣವನ್ನು ತೊಳೆದು ತೆಗೆದೂ ಇಲ್ಲ ಅಂತಲೇ ಅರ್ಥ.

ಆಮೇಲೆ ಹಾಸನ್ನು ಬೆಳಕಿಗೆ ಹರಡಿ ಕೂತೆವು. ಇದು ನಿಜಕ್ಕೂ ತಿಳಿದುಕೊಳ್ಳಬೇಕಾದ ವಿಷಯ. ಕೈಯಲ್ಲಿ ಒತ್ತಿದ ಬಟ್ಟೆಯಲ್ಲಿ ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಜಾಗ ಒಂದು ಕಡೆ ಒಂಚೂರು ಮೇಲೆ ಹತ್ತಿರುತ್ತದೆ, ಇನ್ನೊಂದು ಕಡೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತದೆ. ಬಣ್ಣ ಒಂದು ಕಡೆ ಗಾಢ, ಒಂದು ಕಡೆ ತೆಳು. ಇದನ್ನೆಲ್ಲ ನಾನೂ ಓದಿದ್ದೆ. ಈ ಹಾಸಿನಲ್ಲೂ ಅಂಥ ಸಂದುಗಳಿದ್ದವು, ಬಣ್ಣ ಮಾಸಿದ ಹೂಗಳಿದ್ದವು. ಆದರೆ ಒಂದು ಮಾಸಿದ ಹೂವಿನಿಂದ ಗೇಣಿನ ಅಳತೆ ಹಿಡಿದು ಹೋದರೆ ಪಕ್ಕಾ ಅದೇ ದೂರಕ್ಕೆ ಅದೇ ಮಾಸಿದ ಹೂ, ಅದರ ಬಲಕ್ಕೆ ಅದೇ ಸಂದು. ಕೈತಪ್ಪನ್ನೂ ಸೇರಿಸಿ ಯಂತ್ರದಲ್ಲಿ ಮುದ್ರಿಸಿದ್ದರು! ಇಲ್ಲಿ ಒಂದು ಎಚ್ಚರ ಬೇಕು. ಅಚ್ಚಿನ ಒಂದು ಮೂಲೆ ಮುರಿದಿದ್ದರೆ ಆ ಮುರುಕು ಪ್ರತಿ ಸಲವೂ ಮೂಡುತ್ತದೆ, ಅದು ಮೋಸವಲ್ಲ. ಬಣ್ಣದ ಕಲೆ, ಎರಡು ಅಚ್ಚಿನ ನಡುವಿನ ಸಂದು, ತೆಳುವಾದ ಜಾಗ, ಇವು ಮಾತ್ರ ಹಾಗೆ ತಪ್ಪದೆ ಮರುಕಳಿಸುವುದಿಲ್ಲ. ಮರುಕಳಿಸಿದರೆ ಅದು ಕೈ ಅಲ್ಲ.

ಇಕತ್ ಅಂತ ಮಾರುವವರ ಹತ್ತಿರ ಬಟ್ಟೆಯ ಹಿಂಬದಿ ನೋಡಿದರೆ ಸಾಕು. ಇಕತ್ ಅನ್ನೋ ನೇಯ್ಗೆಯಲ್ಲಿ ನೇಯುವ ಮುಂಚೆಯೇ ನೂಲಿಗೆ ಬಣ್ಣ ಹಾಕಿರುತ್ತಾರೆ, ಹಾಗಾಗಿ ಎರಡೂ ಬದಿ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತದೆ. ಹಿಂಬದಿ ಮಂಕಾಗಿದ್ದರೆ ಅದು ಇಕತ್‌ನ ಚಿತ್ರ ಮುದ್ರಿಸಿದ ಬಟ್ಟೆ.

ಹಿಂಬದಿ ನೋಡುವ ವಿಷಯದಲ್ಲಿ ಚಿಕ್ಕಮ್ಮನನ್ನು ಮೀರಿಸುವವರಿಲ್ಲ. ಜೀವನವಿಡೀ ಕಸೂತಿ ಹಾಕಿದವರು. ಮಳಿಗೆಗೆ ಹೋದ ತಕ್ಷಣ ಯಾರ ಮುಖವನ್ನೂ ನೋಡದೆ ಬಟ್ಟೆ ತಿರುಗಿಸುತ್ತಾರೆ. ದಿಂಬಿನ ಕವರ್ ಮಾರುತ್ತಿದ್ದ ಹೆಂಗಸು "ಒಂದೊಂದಕ್ಕೂ ವಾರಗಟ್ಟಲೆ ಹಿಡಿಯುತ್ತೆ ಮೇಡಂ" ಅಂತ ಶುರು ಮಾಡಿದಳು. ಚಿಕ್ಕಮ್ಮ ಒಳಗಿನ ಬದಿ ತೋರಿಸಿ, "ನೋಡೇ, ಮೇಲೆ ಹಸಿರು, ಹಳದಿ, ಕೆಂಪು. ಕೆಳಗೆ ಎಲ್ಲಾ ಬಿಳಿ ದಾರ. ಇದು ಬಾಬಿನ್ ದಾರ" ಅಂದರು. ಕಸೂತಿ ಯಂತ್ರದಲ್ಲಿ ಮೇಲಿನ ದಾರ ಬೇರೆ, ಕೆಳಗಿನದು ಬೇರೆ, ಕೆಳಗೆ ಹೆಚ್ಚಾಗಿ ಬಿಳಿಯೇ ಹಾಕುತ್ತಾರೆ. ಕೈಯಲ್ಲಿ ಹಾಕಿದರೆ ಮೇಲೆ ಕಾಣುವ ದಾರವೇ ಕೆಳಗೂ ಬರಬೇಕು, ಅಲ್ಲಲ್ಲಿ ಗಂಟು ಇರಬೇಕು, ಒಂದು ಎಲೆಯಿಂದ ಇನ್ನೊಂದಕ್ಕೆ ದಾರ ಜಿಗಿದಿರಬೇಕು. ಆ ಹೆಂಗಸಿಗೆ ಸಿಟ್ಟು ಬಂತು. "ಬೇಡ ಅಂದ್ರೆ ಬಿಡಿ, ಬೇರೆ ಗಿರಾಕಿ ಇದಾರೆ" ಅಂದಳು. ಕವರ್ ಅಲ್ಲೇ ಬಿಟ್ಟು ಬಂದೆವು, ಅವತ್ತು ಅಷ್ಟರಮಟ್ಟಿಗೆ ಲಾಭ.

ಓಲೆಯ ವಿಷಯಕ್ಕೆ ಬರುತ್ತೇನೆ, ಇದು ಮೈಗೆ ತಾಗಿದ್ದು. ಓಲೆಯ ಹಿಂದೆ 925 ಅಂತ ಕೊರೆದಿತ್ತು. ನೂರರಲ್ಲಿ 92.5 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ ಅನ್ನೋದಕ್ಕೆ ಆ ಗುರುತು. ಜೊತೆಗೆ ಮಾರುವವನು ಒಂದು ಅಯಸ್ಕಾಂತ ತೆಗೆದು ಓಲೆಗೆ ಹಿಡಿದು ತೋರಿಸಿದ. "ನೋಡಿ ಅಕ್ಕಾ, ಅಂಟಲ್ಲ. ಅಂಟಿದ್ರೆ ಡೂಪ್ಲಿಕೇಟ್." ಸುತ್ತ ನಿಂತವರೆಲ್ಲ ತಲೆ ಆಡಿಸಿದರು. ಈ ಆಟವನ್ನು ದಯವಿಟ್ಟು ನಂಬಬೇಡಿ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಸರಿ. ತಾಮ್ರವೂ ಅಂಟುವುದಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ, ಅಲ್ಯೂಮಿನಿಯಮ್ಮೂ ಅಂಟುವುದಿಲ್ಲ. ಒಳಗೆ ಕಬ್ಬಿಣ ಇಲ್ಲ ಅನ್ನೋದಷ್ಟೇ ಆ ಪರೀಕ್ಷೆಯಿಂದ ಗೊತ್ತಾಗುವುದು.

ಹಾಕಿಕೊಂಡ ಕೆಲವೇ ದಿನಕ್ಕೆ ಕಿವಿ ತುರಿಸಿತು, ಆಮೇಲೆ ನೀರೊಸರಿತು. ಓಲೆಯ ಕಡ್ಡಿ ಹಸಿರಾಗಿತ್ತು. ಪರಿಚಯದ ಅಕ್ಕಸಾಲಿಗರು ಒಂದು ಅಂಚನ್ನು ಉಜ್ಜಿ ನೋಡಿ, ಮೇಲೆ ಬೆಳ್ಳಿಯ ಲೇಪ, ಒಳಗೆ ಜರ್ಮನ್ ಸಿಲ್ವರ್ ಅಂದರು. ಅದರಲ್ಲಿ ಬೆಳ್ಳಿಯ ಚೂರೂ ಇರುವುದಿಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಣ ಅದು. ಅಲರ್ಜಿ ಮಾಡುವ ಲೋಹಗಳಲ್ಲಿ ನಿಕಲ್ ಮುಂದಿನ ಸಾಲಿನಲ್ಲೇ ಇದೆ. ಚರ್ಮಕ್ಕೆ ತಾಗುವ ಒಡವೆಗಳಲ್ಲಿ ನಿಕಲ್‌ಗೆ ಮಿತಿ ಹಾಕಿ ಐರೋಪ್ಯ ಒಕ್ಕೂಟ 1994ರಲ್ಲೇ ನಿಯಮ ತಂದಿತ್ತು, ಅಷ್ಟು ಹಳೆಯ ತೊಂದರೆ ಇದು. ಒಮ್ಮೆ ಈ ಅಲರ್ಜಿ ಮೈಗೆ ಬಂದರೆ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ. ಮಕ್ಕಳಿಗೆ ಹೊಸದಾಗಿ ಕಿವಿ ಚುಚ್ಚಿಸಿದ್ದರಂತೂ ಮೇಳದ ಓಲೆಯನ್ನು ಹಾಕಲೇಬೇಡಿ. ಅದೇ ಮಳಿಗೆಯಲ್ಲಿ ನೀಲಿ ಹರಳಿನ ಉಂಗುರವನ್ನೂ ವೈಡೂರ್ಯದ ಬೆಲೆ ಹೇಳುವ ಹಾಗೆ ಮಾರುತ್ತಿದ್ದರು, ಟರ್ಕಾಯ್ಸ್ ಅನ್ನೋ ನೀಲಿ ರತ್ನವಂತೆ. ಹೌಲೈಟ್ ಅನ್ನೋ ಬಿಳಿ ಕಲ್ಲಿಗೆ ನೀಲಿ ಬಣ್ಣ ಹಾಕಿ ಈ ಹೆಸರಲ್ಲಿ ಮಾರುವುದು ಎಲ್ಲ ಕಡೆ ಇರುವ ದಂಧೆ. ಪುಣ್ಯಕ್ಕೆ ನನ್ನ ಬೆರಳಿಗೆ ಅದು ಆಗಲಿಲ್ಲ.

ಮರದ ಬಟ್ಟಲು ಮಾತ್ರ ನಿಜವಾಗಿಯೂ ಕೈಕೆಲಸವೇ. ಚಂದದ ಕಡೆತ. ಆದರೆ ಹಸಿ ಮರ. ತಿಂಗಳು ತುಂಬುವುದರೊಳಗೆ ಅಂಚಿನಿಂದ ತಳದವರೆಗೆ ಸೀಳಿತು. ಒಂದು ಅಂಗುಲ ದಪ್ಪದ ಹಲಗೆ ಗಾಳಿಯಲ್ಲಿ ಒಣಗಲು ಹೆಚ್ಚುಕಮ್ಮಿ 1 ವರ್ಷ ಅನ್ನೋದು ಮರಗೆಲಸದವರ ಅಂದಾಜು. ಮೇಳದ ಗಡಿಬಿಡಿಯಲ್ಲಿ ಅಷ್ಟು ಯಾರು ಕಾಯುತ್ತಾರೆ? ಅಳತೆಗೆ ಮೀರಿದ ಭಾರ ಇದ್ದರೆ, ಬಿಸಿಲಲ್ಲೂ ಮುಟ್ಟಿದರೆ ತಣ್ಣಗಿದ್ದರೆ ಅನುಮಾನ ಪಡಿ. ಗ್ಲೂ ಗನ್‌ನಲ್ಲಿ ಅಂಟಿಸಿದ ಗೊಂಬೆಯ ಕೈ ಕಾರಿನ ಒಳಗಿನ ಸೆಕೆಗೇ ಕಳಚಿ ಬಿದ್ದಿತ್ತು, ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಮಗ್. ಹೊಳೆಯುವ ಕಿತ್ತಳೆ ಬಣ್ಣ, "ಚಕ್ರದ ಮೇಲೆ ಕೈಯಲ್ಲೇ ಎತ್ತಿದ್ದು" ಅಂದರು. ಕಾಫಿ ಕುಡಿಯಬಹುದಾ ಅಂತ ಬಾಯಿಬಿಟ್ಟು ಕೇಳಿದ್ದೆ. "ಧಾರಾಳವಾಗಿ" ಅಂದರು. ಮನೆಯಲ್ಲಿ ತೊಳೆಯುವಾಗ ತಳಕ್ಕೆ ಅಂಟಿಸಿದ್ದ ಬೆಲೆಯ ಚೀಟಿ ಕಿತ್ತು ಬಂತು. ಅದರ ಕೆಳಗೆ ಅಚ್ಚಾಗಿತ್ತು: ಅಲಂಕಾರಕ್ಕೆ ಮಾತ್ರ. ಆ ಸಾಲಿನ ಮೇಲೆ, ಸರಿಯಾಗಿ ಅದಷ್ಟೇ ಮುಚ್ಚುವ ಹಾಗೆ, ಚೀಟಿ ಅಂಟಿಸಿದ್ದರು. ಚಕ್ರದ ಕಥೆಯೂ ಸುಳ್ಳೇ. ಹಿಡಿಯ ಪಕ್ಕದಲ್ಲಿ ಮೇಲಿನಿಂದ ಕೆಳಗೆ ನೆಟ್ಟಗೆ ಸಣ್ಣ ಗೆರೆ ಇತ್ತು, ಎರಡು ಹೋಳಿನ ಅಚ್ಚಿನಲ್ಲಿ ಎರಕ ಹೊಯ್ದರೆ ಬೀಳುವ ಗೆರೆ ಅದು. ಚಕ್ರದ ಮೇಲೆ ಎತ್ತಿದ್ದರೆ ಒಳಗೆ ಬೆರಳಾಡಿಸಿದಾಗ ಸುತ್ತು ಸುತ್ತಾಗಿ ಉಬ್ಬುತಗ್ಗು ಸಿಗುತ್ತದೆ.

ಇದನ್ನು ಯಾಕೆ ಇಷ್ಟು ದೊಡ್ಡದು ಮಾಡುತ್ತೇನೆ ಅಂದರೆ, ಮಣ್ಣಿನ ಸಾಮಾನಿಗೆ ಹೊಳಪು ಕೊಡುವ ಲೇಪದಲ್ಲಿ ಸೀಸ ಹಾಕುವ ಅಭ್ಯಾಸ ಬಹಳ ಹಳೆಯದು. ಸೀಸ ಇದ್ದರೆ ಲೇಪ ಕಡಿಮೆ ಶಾಖದಲ್ಲೇ ಕರಗುತ್ತದೆ, ಹೊಳಪೂ ಚೆನ್ನಾಗಿ ಬರುತ್ತದೆ. ಸುಡುವುದರಲ್ಲಿ ಹೆಚ್ಚುಕಮ್ಮಿಯಾದರೆ ಹುಳಿ ಪದಾರ್ಥಕ್ಕೆ, ಬಿಸಿ ಪಾನೀಯಕ್ಕೆ ಆ ಸೀಸ ಬಿಟ್ಟುಕೊಳ್ಳುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ. ಮಕ್ಕಳ ಮಿದುಳಿಗೆ ಅದರ ಪೆಟ್ಟು ಜೋರು. ನನ್ನ ಮಗ್‌ನಲ್ಲಿ ಸೀಸ ಇದೆ ಅಂತ ನಾನು ಹೇಳುತ್ತಿಲ್ಲ, ಪರೀಕ್ಷೆ ಮಾಡಿಸಿಲ್ಲ. ಬಾಯಿಗಿಡಬೇಡಿ ಅಂತ ಮಾಡಿದವರೇ ಬರೆದಿದ್ದನ್ನು ಮಾರಿದವರು ಮುಚ್ಚಿದರಲ್ಲ, ಅದಕ್ಕೆ ನನ್ನ ಕೋಪ. ಯಾವುದೇ ಬಟ್ಟಲು, ಮಗ್ ಕೊಳ್ಳುವಾಗ ತಳದ ಚೀಟಿಯನ್ನು ಅಲ್ಲೇ, ಅವರೆದುರಿಗೇ ಕೀಳಿಸಿ.

ಮೇಳ ನಡೆಸಿದವರಿಗೆ ಫೋನ್ ಮಾಡಿದೆ. "ನಾವು ಜಾಗ ಕೊಡೋದಷ್ಟೇ ಮೇಡಂ, ಮಾಲು ಅವರದ್ದು" ಅಂದರು. ಹಾಗಾದರೆ ಬ್ಯಾನರ್ ಯಾರದ್ದು, ಒಳಗೆ ಬಿಡಲು ಟಿಕೆಟ್ ದುಡ್ಡು ತೊಗೊಂಡವರು ಯಾರು ಅಂತ ಕೇಳಿದ್ದಕ್ಕೆ ಲೈನ್ ಕಟ್. ಬಿಲ್ ಇದೆಯಾ ಅಂತ ಮಾತ್ರ ಮೊದಲೇ ಕೇಳಿಕೊಂಡಿದ್ದರು. ಹಾಸಿಗೂ ಓಲೆಗೂ ಬಿಲ್ ಕೊಟ್ಟಿರಲಿಲ್ಲ, "ಪುಸ್ತಕ ಮುಗಿದಿದೆ" ಅಂತ ವಿಸಿಟಿಂಗ್ ಕಾರ್ಡ್ ಕೊಟ್ಟಿದ್ದರು. ಅದರಲ್ಲಿದ್ದ ನಂಬರ್ ಚಾಲ್ತಿಯಲ್ಲಿಲ್ಲ. ಎಲ್ಲ ಮೇಳಗಳೂ ಹೀಗಲ್ಲ. ಕೆಲವು ಕಡೆ ಮಳಿಗೆ ಕೊಡುವ ಮುಂಚೆ ಕೆಲಸ ಗೊತ್ತಿದ್ದವರ ಸಮಿತಿ ಕೂತು ಸಾಮಾನು ನೋಡುತ್ತದೆ, ಮಾಡುವ ಜಾಗದ ಫೋಟೊ ಕೇಳುತ್ತದೆ, ಕೊಂಡು ತಂದು ಮಾರುವವರನ್ನು ಒಳಗೇ ಬಿಡುವುದಿಲ್ಲ. ಟಿಕೆಟ್ ಕೊಳ್ಳುವ ಮುಂಚೆ ಇದೊಂದನ್ನು ಕೇಳಿ. ತಡವರಿಸಿದರೆ ಅದು ಬರೀ ಸಂತೆ ಅಂತ ತಿಳಿದುಕೊಂಡೇ ಹೋಗಿ.

ಹೊತ್ತೂ ನೋಡಿಕೊಳ್ಳಿ. ನಾವು ಜಾಸ್ತಿ ಕೊಂಡಿದ್ದು ನಡುಮಧ್ಯಾಹ್ನ. ಬಿಸಿಲಿಗೆ ತಲೆ ಭಾರ, ನೆರಳಿಗೆ ಅಂತ ಮಳಿಗೆಯೊಳಗೆ ನುಗ್ಗುತ್ತೇವೆ, ಫ್ಯಾನ್ ಎದುರು ಕುರ್ಚಿ ಹಾಕಿ ನೀರು ಕೊಡುತ್ತಾರೆ. ಕುಡಿದು ಸುಮ್ನೆ ಎದ್ದು ಬರಲು ಮುಜುಗರ, ಅಲ್ವಾ? ಇನ್ನೊಂದು, ಚಪ್ಪರಕ್ಕೆ ಕಟ್ಟಿದ್ದ ಬಟ್ಟೆ ಕೆಂಪು, ಹಳದಿ. ಅದರಡಿ ಬೀಳುವ ಬೆಳಕೂ ಅದೇ ಬಣ್ಣದ್ದು. ಒಳಗೆ ಬಿಳಿ ಅಂತ ಕಂಡದ್ದು ಹೊರಗೆ ತಂದಾಗ ಮಾಸಲು, ಮರೂನ್ ಅಂದುಕೊಂಡದ್ದು ಕಂದು. ಬಟ್ಟೆಯನ್ನು ಹೊರಗೆ ಬಿಸಿಲಿಗೆ ಹಿಡಿದು ನೋಡುತ್ತೇನೆ ಅಂದರೆ ಒಳ್ಳೆಯ ವ್ಯಾಪಾರಿ ಬೇಡ ಅನ್ನುವುದಿಲ್ಲ. ಒದ್ದೆ ಬಿಳಿ ಕರವಸ್ತ್ರದಿಂದ ಒಂದು ಮೂಲೆ ಉಜ್ಜಲೂ ಬಿಡುತ್ತಾನೆ.

ಕೊನೆಯ ಸಾಲಿನಲ್ಲಿ, ಫ್ಯಾನ್ ಇಲ್ಲದ ಮೂಲೆಯಲ್ಲಿ, ಬುಟ್ಟಿ ಹೆಣೆಯುವ ಅಜ್ಜಿಯೊಬ್ಬರು ಸಿಕ್ಕಿದ್ದರು. ಮಡಿಲಲ್ಲಿ ಅರ್ಧ ಮುಗಿದ ಬುಟ್ಟಿ, ಬೆರಳು ತುಂಬ ಗಾಯದ ಗುರುತು. ಬಾಗಿಲ ಹತ್ತಿರ ಯಾಕೆ ಮಳಿಗೆ ಹಾಕಲಿಲ್ಲ ಅಂತ ಕೇಳಿದರೆ, "ಅಲ್ಲಿ ಬಾಡಿಗೆ ಜಾಸ್ತಿ ಕಣಮ್ಮ. ದಿನಕ್ಕೆ ಒಂದು ಬುಟ್ಟಿ ಮಾಡೋಳು ಅಷ್ಟೆಲ್ಲ ಎಲ್ಲಿಂದ ತರಲಿ?" ಅಂದರು. ಮೂಟೆ ಮೂಟೆ ಮಾಲು ಇಳಿಸುವವರಿಗೆ ಮಾತ್ರ ಆ ಬಾಡಿಗೆ ಗಿಟ್ಟುತ್ತದೆ. ಅಲ್ಲಿಗೆ ಬಂದ ಒಬ್ಬರು ನಮ್ಮೆದುರಿಗೇ, ಮುಂದಿನ ಮಳಿಗೆಯಲ್ಲಿ ಇದರ ಅರ್ಧ ಬೆಲೆಗೆ ಸಿಗುತ್ತೆ ಅಂತ ಅಜ್ಜಿಯ ಹತ್ತಿರ ಚೌಕಾಸಿ ಮಾಡಿದರು. ಮುಂದಿನ ಮಳಿಗೆಯದ್ದು ಪ್ಲಾಸ್ಟಿಕ್ ಪಟ್ಟಿ. ಅಜ್ಜಿ ಏನೂ ಹೇಳಲಿಲ್ಲ, ಹೆಣೆಯುತ್ತಲೇ ಇದ್ದರು. ಅವರ ಬುಟ್ಟಿ ನಮ್ಮ ಮನೆಯಲ್ಲಿ ಗಟ್ಟಿಯಾಗಿದೆ. ಇನ್ನು ಮುಂದೆ ನಾನು ಮೇಳಕ್ಕೆ ಹೋದರೆ ಹಿಂದಿನ ಸಾಲಿನಿಂದಲೇ ಶುರು ಮಾಡುವವಳು.

ಯಾವ ಮೇಳ, ಯಾವ ಮಳಿಗೆ ಅಂತ ಕೆಲವರು ಆಗಲೇ ಕೇಳಿದ್ದಾರೆ. ಹೆಸರು ಹೇಳಿ ಉಪಯೋಗವಿಲ್ಲ. ಇಲ್ಲಿ ಕಂಬ ಕಿತ್ತ ಮೇಲೆ ಅದೇ ಮೂಟೆ ಇನ್ನೊಂದು ಊರಿನ ಮೈದಾನದಲ್ಲಿ ಬೇರೆ ಬೋರ್ಡಿನ ಕೆಳಗೆ ಬಿಚ್ಚಿಕೊಳ್ಳುತ್ತದೆ. ಮೇಜಿನ ಮೇಲೆ ಆ ಮರದ ಅಚ್ಚುಗಳು ಕಂಡರೆ ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ನೋಡಿ. ನಾವು ನೋಡಿದವುಗಳಿಗೆ ಬಣ್ಣವೇ ಹತ್ತಿರಲಿಲ್ಲ.